ಬಣ್ಣ ಹಾಕುವವರ ಉಸಿರು

ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಕಂಡು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ ವರದಿ ಮಾಡಿದ್ದು 1895ರಲ್ಲಿ. ಬಣ್ಣ ತಯಾರಿಕೆಗೆ ಬಳಸುತ್ತಿದ್ದ ಬೆಂಜಿಡಿನ್ ಎಂಬ ರಾಸಾಯನಿಕ ಕ್ಯಾನ್ಸರ್ ತರುತ್ತದೆಂಬುದು ಮುಂದೆ ನಿಸ್ಸಂದೇಹವಾಗಿ ಸಾಬೀತಾಯಿತು. ಇಂಥ ರಾಸಾಯನಿಕಗಳನ್ನು ಬಿಡುಗಡೆ ಮಾಡುವ ಹಲವು ಅಜೋ ಬಣ್ಣಗಳನ್ನು ಭಾರತ ನಿಷೇಧಿಸಿದ್ದು 1997ರಲ್ಲಿ, ಅದೂ ಜರ್ಮನಿ ಅಂಥ ಬಣ್ಣದ ಬಟ್ಟೆಗೆ ಬಾಗಿಲು ಮುಚ್ಚಿದ ಮೇಲೆ. ತೊಡುವವರ ಮೇಲಿನ ಕಾಳಜಿ ನೂಲು ಅದ್ದುವವರಿಗೂ ಸಿಗಬೇಕಿತ್ತು.

ಈಗ ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳ ಪುಡಿ ಉಸಿರಿನೊಳಗೆ ಹೋದರೆ ಅಸ್ತಮಾ ಬರಬಹುದು, ಚರ್ಮಕ್ಕೆ ತಗುಲಿದರೆ ಇಸುಬು. ಪುಡಿ ಹೆಚ್ಚು ಏಳುವುದು ಡಬ್ಬ ತೆರೆದು ತೂಗುವಾಗ, ನೀರಿಗೆ ಸುರಿಯುವಾಗ. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯದು. ತೂಗುವಲ್ಲೇ ಗಾಳಿ ಎಳೆದುಕೊಳ್ಳುವ ಫ್ಯಾನು, ಸರಿಯಾದ ಮಾಸ್ಕ್, ಕೈಗವಸು, ತೊಳೆದುಕೊಳ್ಳಲು ಸೋಪು, ನೀರು: ಇವೆಲ್ಲ ಮಾಲೀಕರ ಹೊಣೆ.

ಮೂತ್ರಕೋಶದ ಕ್ಯಾನ್ಸರ್ ತಲೆದೋರಲು ಇಪ್ಪತ್ತು ವರ್ಷವೇ ಹಿಡಿಯಬಹುದು. ಅಷ್ಟರಲ್ಲಿ ಕೆಲಸ ಬಿಟ್ಟವರ ಕಾಯಿಲೆಗೂ ಹಳೆಯ ಬಣ್ಣದ ತೊಟ್ಟಿಗೂ ನಂಟಿದೆಯೇ ಎಂದು ಯಾರು ನೋಡುತ್ತಾರೆ? ಇಳಕಲ್, ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳ ವೈದ್ಯರು, ಮೂತ್ರದಲ್ಲಿ ರಕ್ತ ಕಂಡು ಬಂದವರನ್ನು ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಲೇಬೇಕು. ಕಾರ್ಮಿಕ ಇಲಾಖೆ ಆ ಉತ್ತರಗಳನ್ನು ದಾಖಲಿಸಿಕೊಳ್ಳಬೇಕು.