ಎರಡು ಔನ್ಸ್ ಚಹಾ

ಯುದ್ಧವೆಂದೊಡನೆ ಮನಸ್ಸು ಸೇನಾನಿಗಳ ಕಡೆಗೆ, ತೋಪು ಟ್ಯಾಂಕುಗಳ ಕಡೆಗೆ ಹರಿಯುವುದು ಸಹಜ. ಚರಿತ್ರೆಯ ಪುಸ್ತಕಗಳಲ್ಲಿ ಕದನಗಳ ತಾರೀಖುಗಳಿವೆ, ಒಪ್ಪಂದಗಳ ತಾರೀಖುಗಳಿವೆ. ಗೃಹಿಣಿಯೊಬ್ಬಳು ಡಬ್ಬದ ತಳವನ್ನು ಕೆರೆದು ಕೊನೆಯ ಚಮಚ ಸಕ್ಕರೆಯನ್ನು ತೆಗೆದ ತಾರೀಖು ಇಲ್ಲ. ಎರಡನೆಯ ಮಹಾಯುದ್ಧ ಕಾಲದ ಇಂಗ್ಲೆಂಡಿನ ಮಟ್ಟಿಗೆ ಮಾತ್ರ ಈ ಕೊರತೆ ತಕ್ಕಮಟ್ಟಿಗೆ ನೀಗಿದೆ. ಅದಕ್ಕೆ ಕಾರಣರಾದವರಲ್ಲಿ ನೆಲ್ಲಾ ಲಾಸ್ಟ್ ಎಂಬ ಹೆಂಗಸು ಒಬ್ಬಳು.

ಈಕೆ ವಾಯವ್ಯ ಇಂಗ್ಲೆಂಡಿನಲ್ಲಿ ಹಡಗು ಕಟ್ಟುವ ಕಸುಬಿಗೆ ಹೆಸರಾದ ಬ್ಯಾರೋ-ಇನ್-ಫರ್ನೆಸ್ ಎಂಬ ಊರಿನವಳು. ಗಂಡನದು ಮರಗೆಲಸದ ಕಸುಬು. ಬೆಳೆದ ಇಬ್ಬರು ಗಂಡುಮಕ್ಕಳು. ಸಾಮಾನ್ಯ ಜನರ ನಿತ್ಯಜೀವನವನ್ನು ದಾಖಲೆ ಮಾಡಬೇಕೆಂದು ೧೯೩೭ರಲ್ಲಿ ಹುಟ್ಟಿದ 'ಮಾಸ್ ಅಬ್ಸರ್ವೇಶನ್' ಎಂಬ ಸಂಸ್ಥೆ, ಯುದ್ಧ ಆರಂಭವಾಗುವ ಹೊತ್ತಿಗೆ, ದಿನಚರಿ ಬರೆದು ಕಳುಹಿಸಿರೆಂದು ಜನರನ್ನು ಕೇಳಿಕೊಂಡಿತು. ಬರೆಯಲು ಮುಂದೆ ಬಂದ ನೂರಾರು ಮಂದಿಯಲ್ಲಿ ನೆಲ್ಲಾ ಲಾಸ್ಟಳೂ ಇದ್ದಳು. ಆಗ ಅವಳಿಗೆ ೪೯ ವರ್ಷ. ಹೊರಗಿನ ಲೋಕಕ್ಕೆ ಅವಳೊಬ್ಬ ಗೃಹಿಣಿ. ಅದಕ್ಕಿಂತ ಹೆಚ್ಚಿನ ವಿಳಾಸ ಅವಳಿಗಿರಲಿಲ್ಲ. ಯುದ್ಧಕ್ಕೆ ಮೊದಲು ಮನಸ್ಸು ಕುಸಿದು ಕಾಯಿಲೆ ಬಿದ್ದವಳು ಬೇರೆ.

ಯುದ್ಧ ಘೋಷಣೆಯಾದದ್ದು ೧೯೩೯ರ ಸೆಪ್ಟೆಂಬರ್ ೩ರ ಭಾನುವಾರ. ಅದಕ್ಕೆ ಎರಡು ದಿನ ಮೊದಲೇ ಊರುಗಳ ದೀಪಗಳು ಆರಿದ್ದವು. ಕಿಟಕಿಗೆ ಕಪ್ಪು ಪರದೆ, ಬೀದಿಗೆ ಕತ್ತಲೆ, ಮೋಟಾರಿನ ದೀಪಕ್ಕೆ ಮುಸುಕು. ಶತ್ರುವಿನ ವಿಮಾನ ಬರುವುದಕ್ಕೆ ಮುಂಚೆಯೇ ಆ ಕತ್ತಲೆಯಲ್ಲಿ ವಾಹನಗಳಿಗೆ ಸಿಕ್ಕಿ ಸತ್ತವರ ಸಂಖ್ಯೆ ಆ ಒಂದು ತಿಂಗಳಲ್ಲಿ ಹಿಂದಿನ ವರ್ಷದ ಅದೇ ತಿಂಗಳ ಸಂಖ್ಯೆಯ ಸುಮಾರು ಇಮ್ಮಡಿಯಾಯಿತು. ಕೊರಳಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ಪೆಟ್ಟಿಗೆ ಕಟ್ಟಿಸಿಕೊಂಡ ಮಕ್ಕಳು ರೈಲು ಹತ್ತಿ ಹಳ್ಳಿಗಳ ಕಡೆಗೆ ಹೊರಟರು. ಮೂರು ನಾಲ್ಕು ದಿನಗಳಲ್ಲಿ ತಾಯಂದಿರೂ ಸೇರಿ ಸುಮಾರು ೧೫ ಲಕ್ಷ ಜನ ನಗರಗಳನ್ನು ತೊರೆದರು. ನಿರೀಕ್ಷಿಸಿದ ಬಾಂಬು ತಿಂಗಳುಗಟ್ಟಲೆ ಬೀಳದಿರಲು ಅವರಲ್ಲಿ ಬಹುಮಂದಿ ಹಿಂದಿರುಗಿದರೆಂಬುದು ಬೇರೆ ಮಾತು. ಹೆತ್ತವರ ಕರುಳು ಸರ್ಕಾರದ ಸುತ್ತೋಲೆಯನ್ನು ಎಷ್ಟು ದಿನ ತಾನೆ ಕೇಳೀತು?

ಆದರೆ ಯುದ್ಧ ಪ್ರತಿಯೊಂದು ಮನೆಯ ಹೊಸ್ತಿಲನ್ನೂ ದಾಟಿ ಒಳಗೆ ಬಂದದ್ದು ಒಲೆಯ ದಾರಿಯಲ್ಲಿ. ಇಂಗ್ಲೆಂಡು ತಾನು ತಿನ್ನುವ ಆಹಾರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದ ದೇಶ. ಆ ಹಡಗುಗಳನ್ನು ಜರ್ಮನ್ ಜಲಾಂತರ್ನೌಕೆಗಳು ಮುಳುಗಿಸತೊಡಗಿದ ಮೇಲೆ ಉಳಿದುದನ್ನು ಹಂಚಿಕೊಂಡು ತಿನ್ನದೆ ಗತಿಯಿರಲಿಲ್ಲ. ೧೯೪೦ರ ಜನವರಿ ೮ರಂದು ಪಡಿತರ ಆರಂಭವಾಯಿತು. ತಲೆಗೆ ವಾರಕ್ಕೆ ಬೆಣ್ಣೆ ೪ ಔನ್ಸ್, ಉಪ್ಪು ಹಾಕಿದ ಹಂದಿಮಾಂಸ ೪ ಔನ್ಸ್, ಸಕ್ಕರೆ ೧೨ ಔನ್ಸ್. ನಾಲ್ಕು ಔನ್ಸ್ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು ಹತ್ತು ತೊಲ. ಮಾರ್ಚ್ ತಿಂಗಳಿನಿಂದ ಮಾಂಸಕ್ಕೂ ಪಡಿತರ ಬಂದಿತು. ಅದನ್ನು ತೂಕದಿಂದಲ್ಲ, ಬೆಲೆಯಿಂದ ಅಳೆದರು. ಅಗ್ಗದ ತುಂಡನ್ನು ಆರಿಸಿಕೊಂಡವಳಿಗೆ ಹೆಚ್ಚು ಸಿಗುತ್ತಿತ್ತು, ಜಾಣ್ಮೆಗೆ ಅಷ್ಟು ಅವಕಾಶ. ಜುಲೈಯಲ್ಲಿ ಚಹಾದ ಸರದಿ: ವಾರಕ್ಕೆ ೨ ಔನ್ಸ್, ಅಂದರೆ ಐದು ತೊಲಕ್ಕೂ ಸ್ವಲ್ಪ ಕಡಿಮೆ. ಇಂಗ್ಲಿಷರಿಗೆ ಬೆಣ್ಣೆ ಹೋದದ್ದಕ್ಕಿಂತ ಈ ಪೆಟ್ಟು ದೊಡ್ಡದಾಯಿತು. ವಿನೋದವೇನೆಂದರೆ ಕಾಫಿಗೆ ಕೊನೆಯವರೆಗೂ ಪಡಿತರ ಹಾಕಲಿಲ್ಲ. ಹಾಕಬೇಕಾದಷ್ಟು ಜನ ಅದನ್ನು ಕುಡಿಯುತ್ತಿರಲಿಲ್ಲ. ಮೈಸೂರು ಸೀಮೆಯ ಗೃಹಸ್ಥನಾದರೆ ಅಲ್ಲಿ ಸುಖವಾಗಿಯೇ ಇದ್ದುಬಿಡುತ್ತಿದ್ದ! ಸಸ್ಯಾಹಾರಿಗಳೆಂದು ಹೆಸರು ಬರೆಯಿಸಿ ಮಾಂಸದ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಹೆಚ್ಚಿನ ಚೀಸ್ ದೊರೆಯುತ್ತಿತ್ತು.

ಮುಂದೆ ಜಾಮ್, ಚೀಸ್, ಬಟ್ಟೆ, ಸಾಬೂನು, ಮಿಠಾಯಿ ಎಲ್ಲವೂ ಒಂದೊಂದಾಗಿ ಚೀಟಿಯ ಆಳ್ವಿಕೆಗೆ ಒಳಪಟ್ಟವು. ಮೊಟ್ಟೆಯೆಂದರೆ ವಾರಕ್ಕೆ ಒಂದು, ಅದೂ ಸಿಕ್ಕಿದರೆ. ೧೯೪೨ರಿಂದ ಅಮೆರಿಕದ ಒಣಮೊಟ್ಟೆಯ ಪುಡಿ ಬಂದಿತು. ಅದೇ ವರ್ಷ ಬಿಳಿಯ ರೊಟ್ಟಿ ಮಾಯವಾಗಿ, ತೌಡು ಸೇರಿದ ಬೂದುಬಣ್ಣದ 'ನ್ಯಾಷನಲ್ ಲೋಫ್' ಅದರ ಸ್ಥಾನಕ್ಕೆ ಏರಿತು. ಅದನ್ನು ಹೊಗಳಿದವರು ವೈದ್ಯರು ಮಾತ್ರ. ಆಹಾರವನ್ನು ಹಾಳುಮಾಡುವುದು ಶಿಕ್ಷಾರ್ಹ ಅಪರಾಧವಾಗಿತ್ತು. ತೋಟದ ಹಕ್ಕಿಗಳಿಗೆ ರೊಟ್ಟಿಯ ಚೂರು ಹಾಕಿಸಿದ ಒಬ್ಬ ಮಹಿಳೆಗೆ ನ್ಯಾಯಾಲಯ ೧೦ ಪೌಂಡ್ ದಂಡ ವಿಧಿಸಿತು. ಊಟಕ್ಕೆ ಮೊದಲು ಕಾಗೆಗೆ ಒಂದು ತುತ್ತು ಇಡುವ ಮನೆಗಳವರಿಗೆ ಈ ಕಾನೂನು ವಿಚಿತ್ರವಾಗಿ ಕಂಡೀತು.

ಈ ಏರ್ಪಾಟನ್ನು ನಡೆಸಿದ ಆಹಾರಮಂತ್ರಿ ಲಾರ್ಡ್ ವೂಲ್ಟನ್ ರಾಜಕಾರಣಿಯಲ್ಲ, ದೊಡ್ಡ ಅಂಗಡಿಗಳನ್ನು ನಡೆಸಿದ ವ್ಯಾಪಾರಿ. ಯೌವನದಲ್ಲಿ ಲಿವರ್‌ಪೂಲಿನ ಬಡವರ ಕೇರಿಯಲ್ಲಿ ಸಮಾಜಸೇವೆ ಮಾಡಿದವನು. ಗೃಹಿಣಿಯರಿಗೆ ಆಜ್ಞೆ ಮಾಡುವುದಕ್ಕಿಂತ ಅವರೊಡನೆ ಮಾತನಾಡುವುದೇ ಲೇಸೆಂದು ಅವನು ತಿಳಿದಿದ್ದ. ಪ್ರತಿ ಬೆಳಿಗ್ಗೆ ರೇಡಿಯೋದಲ್ಲಿ ಐದು ನಿಮಿಷ 'ಕಿಚನ್ ಫ್ರಂಟ್' ಎಂಬ ಕಾರ್ಯಕ್ರಮ: ಪೇಟೆಯಲ್ಲಿ ಇಂದು ಏನು ಅಗ್ಗ, ಆಲೂಗೆಡ್ಡೆಯಿಂದ ಇನ್ನೇನು ಮಾಡಬಹುದು. ಲಂಡನ್ನಿನ ಸವಾಯ್ ಹೋಟೆಲಿನ ಮುಖ್ಯ ಪಾಚಕ ಆಲೂಗೆಡ್ಡೆ, ಗಜ್ಜರಿ, ಹೂಕೋಸು, ಓಟ್ಸ್ ಸೇರಿಸಿ ಕಲ್ಪಿಸಿದ ಭಕ್ಷ್ಯಕ್ಕೆ ಮಂತ್ರಿಯ ಹೆಸರೇ ಬಂದು 'ವೂಲ್ಟನ್ ಪೈ' ಎನಿಸಿತು. ಜನ ಅದನ್ನು ಬಾಯ್ತುಂಬ ಹಾಸ್ಯ ಮಾಡುತ್ತಲೇ ತಿಂದರು. ಗಜ್ಜರಿ ತಿಂದರೆ ಕತ್ತಲೆಯಲ್ಲಿ ಕಣ್ಣು ಚೆನ್ನಾಗಿ ಕಾಣುವುದೆಂದೂ, ರಾತ್ರಿ ಹಾರಾಡುವ ವೈಮಾನಿಕರ ಗೆಲುವಿಗೆ ಅದೇ ಗುಟ್ಟೆಂದೂ ಪ್ರಚಾರವಾಯಿತು. ನಿಜವಾದ ಗುಟ್ಟು ವಿಮಾನದೊಳಗಿನ ರೇಡಾರ್ ಯಂತ್ರ. ಗಜ್ಜರಿಯಂತೂ ಬೇಕಾದಷ್ಟು ಬೆಳೆದಿತ್ತು.

ಇಷ್ಟು ಕೊಂಚ ಆಹಾರದಲ್ಲಿ ಮನುಷ್ಯ ದುಡಿಯಬಲ್ಲನೇ ಎಂಬ ಶಂಕೆ ಕೆಲವರಿಗಿತ್ತು. ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡ್ಡೊಸನ್ ಪ್ರಯೋಗಕ್ಕೆ ಇಲಿಗಳನ್ನು ಹುಡುಕಲಿಲ್ಲ. ಮುಂದೆ ಬರಬಹುದಾದ ಕಠಿಣ ಪಡಿತರವನ್ನು ಊಹಿಸಿ, ಗೆಳೆಯರೊಡನೆ ತಾವೇ ಮೂರು ತಿಂಗಳು ಅದನ್ನು ತಿಂದರು. ಆಮೇಲೆ ಚಳಿಗಾಲದಲ್ಲಿ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳನ್ನು ಹತ್ತಿ ಇಳಿದು ತಮ್ಮ ಶಕ್ತಿಯನ್ನು ಅಳೆದುಕೊಂಡರು. ಹೊಟ್ಟೆಯುಬ್ಬರದ ಹೊರತು ಕೆಡುಕೇನೂ ಆಗಲಿಲ್ಲ. ಸುಣ್ಣದ ಅಂಶ ಸಾಲದೆಂದು ಅವರು ಹೇಳಿದುದರಿಂದ ರೊಟ್ಟಿಯ ಹಿಟ್ಟಿಗೆ ಸೀಮೆಸುಣ್ಣವನ್ನು ಬೆರೆಸುವ ಪದ್ಧತಿ ಬಂದಿತು. ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಹಾಲು, ಕಿತ್ತಳೆಯ ರಸ, ಮೀನೆಣ್ಣೆ ಕೊಟ್ಟರು. ಬಾಂಬುಗಳ ನಡುವೆ ಬೆಳೆದ ಕೂಸುಗಳಲ್ಲಿ ಸಾಯುವವರ ಪ್ರಮಾಣ ಯುದ್ಧ ಮುಗಿಯುವ ಹೊತ್ತಿಗೆ ಮೊದಲಿಗಿಂತ ಇಳಿದಿತ್ತು. ಶಾಂತಿಕಾಲದಲ್ಲಿ ಹಾಲನ್ನೇ ಕಾಣದಿದ್ದ ಬಡವರ ಮನೆಗೆ ಅದು ಬಂದದ್ದು ಯುದ್ಧದಲ್ಲಿ ಎಂಬುದು ಆ ದೇಶದವರೇ ನಾಚಿಕೊಂಡು ಒಪ್ಪಿದ ಸಂಗತಿ.

ಎಲ್ಲರಿಗೂ ಸಮಪಾಲೆಂಬುದು ಪೂರ್ತಿ ನಿಜವಾಗಿತ್ತೇ? ಇರಲಿಲ್ಲ. ಹೋಟೆಲಿನ ಊಟಕ್ಕೆ ಚೀಟಿ ಬೇಕಿರಲಿಲ್ಲವಾದ್ದರಿಂದ ಹಣವಂತರು ಹೊರಗೆ ಉಂಡು ಮನೆಯ ಪಡಿತರವನ್ನು ಉಳಿಸಿಕೊಂಡರು. ಗೊಣಗಾಟ ಹೆಚ್ಚಿದ ಮೇಲೆ, ೧೯೪೨ರಲ್ಲಿ, ಊಟಕ್ಕೆ ೫ ಷಿಲಿಂಗಿನ ಮಿತಿ ಹಾಕಿದರು. ಪ್ರತಿ ಸಂಸಾರವೂ ಒಬ್ಬನೇ ಅಂಗಡಿಯವನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಅವನ ಗಲ್ಲಾದ ಕೆಳಗಿನಿಂದ ಬೇಕಾದವರಿಗೆ ಏನಾದರೊಂದು ಹೊರಬರುತ್ತಿತ್ತು. ಕಾಳಸಂತೆಯೂ ಇತ್ತು. ಆದರೂ ದೊಡ್ಡವರು ಚೀಟಿಗೆ ತಲೆಬಾಗಿದಂತೆ ತೋರಿಸಿಕೊಳ್ಳಲೇಬೇಕಾಯಿತು. ಅರಮನೆಯ ಸ್ನಾನದ ತೊಟ್ಟಿಯಲ್ಲಿ ಐದಂಗುಲಕ್ಕಿಂತ ಹೆಚ್ಚು ನೀರು ಬಿಡಬಾರದೆಂದು ಗೆರೆ ಎಳೆದಿದ್ದರು. ೧೯೪೨ರಲ್ಲಿ ಅತಿಥಿಯಾಗಿ ಬಂದ ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್, ಬೆಳ್ಳಿ ಬಂಗಾರದ ತಟ್ಟೆಗಳಲ್ಲಿ ಬಡಿಸಿದ್ದು ಊರಿನವರೆಲ್ಲ ತಿನ್ನುವ ಯುದ್ಧಕಾಲದ ರೊಟ್ಟಿಯನ್ನೇ ಎಂಬುದನ್ನು ಗಮನಿಸಿದಳು.

ಬ್ಯಾರೋ ಊರಿನಲ್ಲಿ ನೆಲ್ಲಾ ಲಾಸ್ಟ್ ಕೋಳಿ ಸಾಕಿದಳು, ಹುಲ್ಲಿನಂಗಳವನ್ನು ಅಗೆದಳು. ಮಿತವ್ಯಯ ಅವಳಿಗೆ ಹೊಸದಲ್ಲ. ತಾನು ಜೀವಮಾನವೆಲ್ಲ ಯಾರೂ ನೋಡದಂತೆ ಮಾಡಿಕೊಂಡು ಬಂದ ಕೆಲಸ ಈಗ ಇಡೀ ದೇಶ ಕಲಿಯಬೇಕಾದ ವಿದ್ಯೆಯಾದುದನ್ನು ಕಂಡು ಅವಳಿಗೆ ಅಚ್ಚರಿಯೂ ಹೆಮ್ಮೆಯೂ ಆಯಿತು. ಮಹಿಳಾ ಸ್ವಯಂಸೇವಾ ಸಂಘದ ಕೇಂದ್ರಕ್ಕೆ ಹೋಗತೊಡಗಿದಳು. ಹೊಲಿದಳು, ಸಿಪಾಯಿಗಳ ಕ್ಯಾಂಟೀನಿನಲ್ಲಿ ಬಡಿಸಿದಳು, ರೆಡ್‌ಕ್ರಾಸಿಗಾಗಿ ಅಂಗಡಿ ನಡೆಸಿದಳು. ಕಿರಿಯ ಮಗ ಕ್ಲಿಫ್ ಸೈನ್ಯಕ್ಕೆ ಹೋದ. ೧೯೪೧ರ ವಸಂತದಲ್ಲಿ ವಿಮಾನಗಳು ಬ್ಯಾರೋವಿನ ಹಡಗುಕಟ್ಟೆಯನ್ನು ಹುಡುಕಿಕೊಂಡು ಬಂದಾಗ ಬಾಂಬುಗಳು ಬಿದ್ದದ್ದು ಬಹುಮಟ್ಟಿಗೆ ಮನೆಗಳ ಮೇಲೆ. ಅವಳ ಮನೆಯೂ ಬಿರುಕು ಬಿಟ್ಟಿತು. ಇದಾವುದೂ ಅವಳನ್ನು ಮತ್ತೆ ಕಾಯಿಲೆಗೆ ತಳ್ಳಲಿಲ್ಲ. ದಿನಚರಿಯ ಪುಟಗಳಲ್ಲಿ ಕಾಣುವ ಬದಲಾವಣೆ ಬೇರೆಯದೇ: ಮೂವತ್ತು ವರ್ಷ ಗಂಡನ ಮುಖ ನೋಡಿ ತನ್ನ ಮಾತನ್ನು ನುಂಗಿಕೊಂಡ ಹೆಂಗಸು, ಹೊರಗೆ ಹತ್ತು ಜನಕ್ಕೆ ಬೇಕಾದವಳಾದ ಮೇಲೆ, ಮನೆಯಲ್ಲಿಯೂ ತನ್ನ ಮನಸ್ಸನ್ನು ಹೇಳತೊಡಗಿದಳು. ಗಂಡ ಕೆಟ್ಟವನೇನೂ ಅಲ್ಲ. ಅವನಿಗೆ ಇದು ಅರ್ಥವಾಗಲಿಲ್ಲ, ಅಷ್ಟೇ.

ಇದೆಲ್ಲವನ್ನೂ ಮೆಚ್ಚಿಕೊಂಡು ಓದುವ ಭಾರತೀಯ ವಾಚಕನಿಗೆ ೧೯೪೩ನೆಯ ಇಸವಿ ನೆನಪಾಗದಿರದು. ಅದೇ ಚಕ್ರವರ್ತಿ, ಅದೇ ಯುದ್ಧ, ಲಂಡನ್ನಿನಲ್ಲಿ ಕುಳಿತ ಅದೇ ಮಂತ್ರಿಮಂಡಲ. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಬಂಗಾಳದ ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತು, ನಾಶಮಾಡಿತು. ನೀರೇ ದಾರಿಯಾದ ಆ ಸೀಮೆಯಲ್ಲಿ ಬೆಸ್ತನ ಅನ್ನವೂ ಹೋಯಿತು, ಭತ್ತದ ಸಾಗಾಟವೂ ಹೋಯಿತು. ಆ ಅಕ್ಟೋಬರಿನಲ್ಲಿ ಮಿದನಾಪುರಕ್ಕೆ ಚಂಡಮಾರುತ ಬಡಿಯಿತು. ಬೆಲೆ ಏರಿತು, ಯುದ್ಧದ ಕಾರ್ಖಾನೆಗಳ ಕೆಲಸಗಾರರಿಗೆ ಅಗ್ಗದ ಧಾನ್ಯ ಒದಗಿಸಿದರು, ಹಳ್ಳಿಯ ಕೂಲಿಯವನು ಪೇಟೆಯ ಬೆಲೆಗೆ ಕೊಳ್ಳಲಾರದೆ ಸತ್ತನು. ಧಾನ್ಯಕ್ಕೆ ಹಡಗು ಕೊಡಿರೆಂದು ದೆಹಲಿ ಮತ್ತೆ ಮತ್ತೆ ಕೇಳಿದಾಗ ಲಂಡನ್ ಇಲ್ಲವೆಂದಿತು, ಇಲ್ಲವೇ ಕೇಳಿದುದರಲ್ಲಿ ಅಲ್ಪಭಾಗವನ್ನು ಕೊಟ್ಟಿತು. ಕಲ್ಕತ್ತೆಯ ಬೀದಿಯ ಹೆಣಗಳ ಚಿತ್ರಗಳನ್ನು ಆ ಆಗಸ್ಟಿನಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆ ಅಚ್ಚುಮಾಡಿದ ಮೇಲೆ ಲೋಕಕ್ಕೆ ಸುದ್ದಿ ತಿಳಿಯಿತು. ಸರ್ಕಾರದ ವಿಚಾರಣಾ ಆಯೋಗ ಸತ್ತವರು ೧೫ ಲಕ್ಷವೆಂದಿತು; ಮುಂದಿನ ವಿದ್ವಾಂಸರು ೩೦ ಲಕ್ಷದವರೆಗೂ ಲೆಕ್ಕ ಹಾಕಿದ್ದಾರೆ. ಆಗ ಒಂಬತ್ತು ವರ್ಷದ ಹುಡುಗನಾಗಿ ಇದನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನ್, ಕ್ಷಾಮವೆಂಬುದು ಆಹಾರವಿಲ್ಲದ ಮಾತ್ರಕ್ಕೆ ಬರುವುದಲ್ಲ, ಇರುವ ಆಹಾರ ಕೈಗೆಟುಕದೆ ಬರುವುದೆಂದು ೧೯೮೧ರಲ್ಲಿ ಗ್ರಂಥವನ್ನೇ ಬರೆದರು. ಕಲ್ಕತ್ತೆಯಲ್ಲಿ ಪಡಿತರ ಆರಂಭವಾದದ್ದು ೧೯೪೪ರ ಜನವರಿಯ ಕೊನೆಯಲ್ಲಿ. ಲಂಡನ್ನಿನಲ್ಲಿ ಆ ವೇಳೆಗೆ ಅದಕ್ಕೆ ನಾಲ್ಕು ವರ್ಷ ತುಂಬಿತ್ತು. ವೂಲ್ಟನ್ ಮಾಡಿದುದು ಮಾಡಲಾರದ ಪವಾಡವೇನಾಗಿರಲಿಲ್ಲ. ಮಾಡಬೇಕೆಂದು ತೋರಿದಲ್ಲಿ ಮಾಡಿದರು.

ಯುದ್ಧ ೧೯೪೫ರಲ್ಲಿ ನಿಂತರೂ ಚೀಟಿಗಳು ನಿಲ್ಲಲಿಲ್ಲ. ಯುದ್ಧದುದ್ದಕ್ಕೂ ಮುಕ್ತವಾಗಿದ್ದ ರೊಟ್ಟಿಗೇ ೧೯೪೬ರಲ್ಲಿ ಪಡಿತರ ಬಂದು ಎರಡು ವರ್ಷ ಇದ್ದಿತು. ೧೯೪೯ರಲ್ಲಿ ಮಿಠಾಯಿಯನ್ನು ಬಿಡುಗಡೆ ಮಾಡಿದಾಗ ಮಕ್ಕಳು ಅಂಗಡಿಗಳನ್ನು ಬರಿದು ಮಾಡಿದುದರಿಂದ ನಾಲ್ಕೇ ತಿಂಗಳಲ್ಲಿ ಮತ್ತೆ ಬಿಗಿ ಮಾಡಬೇಕಾಯಿತು. ಚಹಾ ಬಿಡುಗಡೆಯಾದದ್ದು ೧೯೫೨ರ ಅಕ್ಟೋಬರಿನಲ್ಲಿ; ಮಾಂಸ ಎಲ್ಲಕ್ಕೂ ಕೊನೆಯದಾಗಿ, ೧೯೫೪ರ ಜುಲೈ ೪ರಂದು. ಅಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗೃಹಿಣಿಯರ ಸಂಘದವರು ಕೂಡಿ ಉತ್ಸವ ಮಾಡಿದರು.

ನೆಲ್ಲಾ ಲಾಸ್ಟಳ ಮಗ ಇಟಲಿಯಲ್ಲಿ ಗಾಯಗೊಂಡರೂ ಉಳಿದು ಬಂದ. ಮುಂದೆ ಆಸ್ಟ್ರೇಲಿಯಕ್ಕೆ ಹೋಗಿ ಶಿಲ್ಪಿಯಾದ. ಶಾಂತಿ ಸಮೀಪಿಸಿದಂತೆ ಅವಳಿಗೆ ಹರ್ಷದೊಡನೆ ಒಂದು ಅಳುಕೂ ಹುಟ್ಟಿತ್ತು. ಕ್ಯಾಂಟೀನು ಮುಚ್ಚುತ್ತದೆ, ಅಂಗಡಿ ಮುಚ್ಚುತ್ತದೆ, ಆಮೇಲೆ ತಾನು ಏನು? ಈ ಅಳುಕನ್ನು ಗಂಡನ ಮುಂದೆ ಹೇಳಿಕೊಳ್ಳುವಂತಿರಲಿಲ್ಲ, ದಿನಚರಿಯಲ್ಲಿ ಬರೆದಳು. ಕ್ಯಾಂಟೀನು ಮುಚ್ಚಿತು. ಅವಳು ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಅದನ್ನು ಯಾರಾದರೂ ಅಚ್ಚು ಮಾಡಿಸಿಯಾರೆಂಬ ಕಲ್ಪನೆಯಿಲ್ಲದೆ ಇನ್ನೂ ಇಪ್ಪತ್ತು ವರ್ಷಗಳ ಕಾಲ, ತಾನು ೧೯೬೮ರಲ್ಲಿ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲಿನವರೆಗೂ, ಪುಟಗಳನ್ನು ತುಂಬಿ ಅಂಚೆಗೆ ಹಾಕುತ್ತಲೇ ಇದ್ದಳು.