ಬಾಗಿಲಲ್ಲಿ ತಮಟೆ, ಒಳಗೆ ವೀಣೆ



ಉದ್ದದ ಪೋಸ್ಟು. ಅರ್ಧ ಓದಿ ಕಾಮೆಂಟ್ ಹಾಕುವವರು ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೈಯಿರಿ.

ಹೋದ ತಿಂಗಳು ನಮ್ಮ ಮೈಸೂರಿನಲ್ಲಿ ಮೂರು ದಿನದ ಒಂದು ರಾಷ್ಟ್ರೀಯ ಸಮ್ಮೇಳನ ನಡೆಯಿತು. ಯಾರದು, ಯಾವ ವಿಷಯದ್ದು ಅಂತ ಹೇಳಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಮೆಮೊ ಕೂತಿರುತ್ತೆ. ಅದೂ ಅಲ್ಲದೆ ಇದು ಒಂದು ಆಫೀಸಿನ ಕತೆ ಅಲ್ಲ. ಈ ಊರಲ್ಲಿ ವರ್ಷಕ್ಕೆ ಎಷ್ಟು ಸಮ್ಮೇಳನ ನಡೆಯುತ್ತವೋ ಅಷ್ಟೂ ಕಡೆ ಹೆಚ್ಚುಕಡಿಮೆ ಇದೇ ನಡೆಯೋದು. ನಾನು ಅದರಲ್ಲಿ ಗುಮಾಸ್ತ. ಅತಿಥಿಗಳ ವಾಸ್ತವ್ಯ, ಬಸ್ಸು, ಊರು ತೋರಿಸೋದು, ಸಂಜೆ ಮನರಂಜನೆ, ಇದಕ್ಕೆಲ್ಲ ಒಂದು ಸಮಿತಿ. ಸಮಿತಿಯಲ್ಲಿ ದೊಡ್ಡವರು ಆರು ಜನ. ಟೈಪ್ ಮಾಡೋದು, ಫೋನ್ ಮಾಡೋದು, ಬಿಲ್ ಹೊಂದಿಸೋದು ನಾನು.

ಖರ್ಚಿನ ಅಂದಾಜು ಪಟ್ಟಿ ನನ್ನ ಕೈಯಿಂದಲೇ ಟೈಪ್ ಆದದ್ದು. 'ಸಾಂಸ್ಕೃತಿಕ ಕಾರ್ಯಕ್ರಮ' ಅನ್ನೋ ಶೀರ್ಷಿಕೆ ಕೆಳಗೆ ವೀಣಾವಾದನ, ಭರತನಾಟ್ಯ, ನಿರೂಪಣೆ, ಕಲಾವಿದರಿಗೆ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ. ಅದರ ಕೆಳಗೆ ಇನ್ನೊಂದು ಶೀರ್ಷಿಕೆ, 'ಸ್ವಾಗತ ವ್ಯವಸ್ಥೆ'. ಬಾಳೆಕಂದು, ಮಾವಿನ ತೋರಣ, ಹೂವಿನ ರಂಗೋಲಿ, ಫ್ಲೆಕ್ಸು, ತಮಟೆ ತಂಡ.

ನೋಡಿದ್ರಾ? ಎಂಟು ಜನ ಮನುಷ್ಯರು ಬಾಳೆಕಂದಿನ ಜೊತೆ ಒಂದೇ ಲೆಕ್ಕದಲ್ಲಿ. ಇಪ್ಪತ್ತು ವರ್ಷದಿಂದ ಇಂಥ ಪಟ್ಟಿ ಟೈಪ್ ಮಾಡಿದ್ದೀನಿ. ಕಣ್ಣಿಗೆ ಬಿದ್ದದ್ದು ಇದೇ ಮೊದಲು. ನಾಚಿಕೆಯಿಂದ ಹೇಳ್ತಿದ್ದೀನಿ.

ಇನ್ನೂ ನಾಚಿಕೆಯ ವಿಷಯ ಇದೆ, ಅದನ್ನೂ ಹೇಳಿಬಿಡ್ತೀನಿ. ಸಮಿತಿ ಸಭೆಯಲ್ಲಿ ಒಬ್ಬ ಸಾಹೇಬರು ಟೀ ಕುಡೀತಾ ನನ್ನ ಕಡೆ ತಿರುಗಿ, 'ನಿಮ್ಮ ಕಡೆಯವರು ಯಾರಾದ್ರೂ ತಮಟೆಯವರು ಇದ್ರೆ ಹೇಳ್ರೀ' ಅಂದ್ರು. ಕೆಟ್ಟ ಮನಸ್ಸಿಂದ ಕೇಳಲಿಲ್ಲ. ಅವರ ಮುಖದಲ್ಲಿ ಪ್ರೀತಿಯೇ ಇತ್ತು. ವೀಣೆ ನುಡಿಸೋರು ಬೇಕಾದಾಗ ಪಕ್ಕದ ಮೇಡಂ ಅವರನ್ನ 'ನಿಮ್ಮ ಕಡೆಯವರು' ಅಂತ ಯಾರೂ ಕೇಳಲಿಲ್ಲ, 'ಒಳ್ಳೆ ಆರ್ಟಿಸ್ಟ್ ಯಾರಿದ್ದಾರೆ' ಅಂತ ಕೇಳಿದ್ರು. ನಾನು ಏನು ಮಾಡಿದೆ ಗೊತ್ತಾ? ಮೊಬೈಲ್ ತೆಗೆದು ನಂಬರ್ ಕೊಟ್ಟೆ. ನಂಜನಗೂಡು ತಾಲ್ಲೂಕಿನ ನನ್ನ ತಾಯಿ ಊರಿನ ಕೇರಿಯ ತಂಡ. ತಂಡದ ಹಿರಿಯರು ನನಗೆ ಸಂಬಂಧದಲ್ಲಿ ಮಾವ ಆಗಬೇಕು.

ನಮ್ಮಪ್ಪ ತಮಟೆ ಬಡೀತಿದ್ರು. 'ಬಾರಿಸ್ತಿದ್ರು' ಅಂತ ಬರೀಬಹುದಿತ್ತು, ಆದರೆ ಊರಲ್ಲಿ ಆ ಮಾತು ಇರಲಿಲ್ಲ, 'ಬಡಿಯೋನು' ಅಂತಲೇ ಇದ್ದದ್ದು. ಊರಲ್ಲಿ ಸಾವಾದರೆ, ಹಬ್ಬವಾದರೆ, ಸಾರು ಹಾಕಬೇಕಾದರೆ ಯಾರೋ ಒಬ್ಬ ಹುಡುಗ ಕೇರಿ ಬಾಯಲ್ಲಿ ನಿಂತು ಕೂಗೋನು. ಅಪ್ಪ ಉಣ್ಣೋ ತಟ್ಟೆ ಬಿಟ್ಟು ಏಳಬೇಕು. ಕೂಲಿ ಅಂತ ಇಲ್ಲ, ಕೊಟ್ಟರೆ ಕೊಟ್ಟರು. ಹೆಣದ ಮುಂದೆ ಊರಾಚೆವರೆಗೆ ಬಡೀತಾ ಹೋಗಿ, ಕತ್ತಲಾದ ಮೇಲೆ ಒಂದಿಷ್ಟು ಅಕ್ಕಿ, ಒಂದು ಶೀಷೆ ಸಾರಾಯಿ ಹಿಡಿದು ಬರೋರು. ಅದನ್ನ ಯಾರಾದರೂ ಕಲೆ ಅಂತ ಕರೆದಿದ್ದರೆ ಅಪ್ಪ ನಕ್ಕುಬಿಡೋರು. ದಲಿತ ಸಂಘರ್ಷ ಸಮಿತಿಯವರು ನಮ್ಮ ಸೀಮೆಗೆ ಬಂದು, ಊರಿನವರ ಮುಂದೆ ಬಿಟ್ಟಿ ತಮಟೆ ಬಡಿಯಬೇಡಿ ಅಂದಾಗ ಅಪ್ಪ ನಿಲ್ಲಿಸಿದರು. ಅದಕ್ಕೆ ಬೆಲೆ ಕಟ್ಟಿದೆವು. ಎರಡು ಸುಗ್ಗಿ ಯಾರೂ ಕೂಲಿಗೆ ಕರೀಲಿಲ್ಲ. ಅದೇ ತಮಟೆಯನ್ನ ಅಪ್ಪ ಆಮೇಲೆ ಸಂಘದ ಮೆರವಣಿಗೆಯಲ್ಲಿ ಬಾರಿಸಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅವತ್ತಿನ ಸದ್ದೇ ಬೇರೆ.

ಅಂಥ ಅಪ್ಪನ ಮಗ ನಂಬರ್ ಕೊಟ್ಟ.

ಸಮ್ಮೇಳನದ ದಿನ ಮಾವ ಮತ್ತೆ ಏಳು ಜನ ಬೆಳಗಿನ ಜಾವ ಐದಕ್ಕೆ ಟೆಂಪೊ ಹತ್ತಿ, ಏಳಕ್ಕೆಲ್ಲ ಸಭಾಂಗಣದ ಗೇಟಲ್ಲಿದ್ದರು. ಅತಿಥಿಗಳು ಎಂಟೂವರೆಗೆ ಅಂದಿದ್ರು. ತಮಟೆ ಗೊತ್ತಿಲ್ಲದವರಿಗೆ ಹೇಳ್ತೀನಿ: ಚರ್ಮದ ತಮಟೆಯನ್ನ ಬೆಂಕಿಗೆ ಕಾಸಬೇಕು. ಕಾಸಿದರೆ ಚರ್ಮ ಬಿಗಿಯುತ್ತೆ, ಬಿಗಿದರೆ ನಾದ. ತಣ್ಣಗಾದರೆ ಮತ್ತೆ ಕಾಸಬೇಕು. ಈಗ ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಸ್ಕ್ರೂ ತಿರುಗಿಸೋ ತಮಟೆಗಳೂ ಬಂದಿವೆ, ಆದರೆ ಮಾವನಿಗೆ ಅದು ಒಗ್ಗಲ್ಲ, 'ಡಬ್ಬ ಬಡ್ದಂಗಾಯ್ತದ ಕನಾ' ಅಂತಾರೆ. ಜೊತೆಗೆ ಒಂದು ಹೊರೆ ಹುಲ್ಲು ತಂದಿದ್ದರು. ಕಾಂಪೌಂಡ್ ಒಳಗೆ ಬೆಂಕಿ ಹಾಕಂಗಿಲ್ಲ ಅಂದ ಸೆಕ್ಯುರಿಟಿ. ಸರಿ, ನಿಯಮ. ರಸ್ತೆ ಪಕ್ಕ ಮೋರಿ ಹತ್ತಿರ ಹುಲ್ಲು ಹಚ್ಚಿ ಕಾಸಿದರು. ಅತಿಥಿಗಳ ಬಸ್ಸು ಬಂದದ್ದು ಹತ್ತಕ್ಕೆ. ಮೂರು ಸಲ ಕಾಸಿದ್ದಾಯ್ತು. ಬಸ್ಸಿಂದ ಇಳಿದವರು ಮೊಬೈಲ್ ಹಿಡಿದರು, ಇಬ್ಬರು ಕುಣಿದರು, ಒಬ್ಬರು ಮಾವನ ಕೈಯಿಂದ ತಮಟೆ ಈಸಿಕೊಂಡು ಕುತ್ತಿಗೆಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ನಾಲ್ಕು ನಿಮಿಷ. ಬಾಗಿಲು ಮುಚ್ಚಿತು. ಒಳಗೆ ದೀಪ ಬೆಳಗೋ ಕಾರ್ಯಕ್ರಮ, ಹೊರಗೆ ತಮಟೆ.

ಮಧ್ಯಾಹ್ನ ಊಟದ ಕೂಪನ್ ಪಟ್ಟಿಯಲ್ಲಿ ತಂಡದ ಹೆಸರಿಲ್ಲ. 'ಸ್ವಾಗತ ವ್ಯವಸ್ಥೆ'ಗೆ ಊಟ ಯಾರು ಬರೀತಾರೆ? ಬಾಳೆಕಂದು ಊಟ ಮಾಡುತ್ತಾ? ನಾನು ಅಡುಗೆ ಭಟ್ಟರ ಹತ್ತಿರ ಜಗಳ ಆಡಿ ಎಂಟು ಎಲೆ ಹಾಕಿಸಿದೆ. ಎಲ್ಲಿ? ಹಿಂದೆ, ಪಾತ್ರೆ ತೊಳೆಯೋ ಜಾಗದ ಪಕ್ಕ. ಮಾವ ಕೂತು ಉಂಡು ಎದ್ದು, 'ಏನ್ ಮಾಡಕ್ಕಾದ್ದು ಅಳಿಯ, ಊರ್ಗಿಂತ ವಾಸಿ, ಇಲ್ಲಿ ಪಾಯಸ ಅದ' ಅಂದ್ರು. ಅವರು ತಮಾಷೆಗೇ ಅಂದದ್ದು. ನನಗೆ ಅವತ್ತಿಂದ ಪಾಯಸ ಸೇರ್ತಾ ಇಲ್ಲ.

ದುಡ್ಡು? ಎಂಟು ಜನಕ್ಕೆ ಸೇರಿ ಹನ್ನೆರಡು ಸಾವಿರ, ಟೆಂಪೊ ಬಾಡಿಗೆ ಅದರಲ್ಲೇ. ಸಂಜೆಯ ಕಲಾವಿದರಿಗೆ ಎಷ್ಟು ಅಂತ ಬರೆಯಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ವೀಣೆ ನುಡಿಸಿದ ತಾಯಿ ನಿಜಕ್ಕೂ ದೊಡ್ಡ ವಿದುಷಿ. ನಾನು ಬಾಗಿಲ ಹತ್ತಿರ ನಿಂತು ಪೂರ್ತಿ ಕೇಳಿದೆ. ನನ್ನ ಪ್ರಶ್ನೆ ಅವರಿಗಲ್ಲ. ಅವರಿಗೆ ಒಂದೂಕಾಲು ಗಂಟೆ, ಮೈಕು, ಬೆಳಕು, ಪರಿಚಯ, ಗುರುಪರಂಪರೆಯ ಹೆಸರು. ಮಾವನಿಗೂ ಗುರು ಇದ್ದಾರೆ ಸ್ವಾಮಿ. ಅವರಪ್ಪನೇ ಗುರು. ಯಾವ ಪೆಟ್ಟು ಸಾವಿಗೆ, ಯಾವುದು ದೇವರು ಹೊರಡೋದಕ್ಕೆ, ಯಾವುದು ಮದುವೆಗೆ ಅಂತ ಒಂದೊಂದೂ ಬೇರೆ ಬೇರೆ. ಅದು ವಿದ್ಯೆ ಅಲ್ವಾ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ರಾಷ್ಟ್ರಪತಿ ಭವನದ ಒಳಗೆ ಹೋದ ತಮಟೆ ನಮ್ಮ ಸಮ್ಮೇಳನದ ಸಭಾಂಗಣದೊಳಗೆ ಹೋಗಲಿಲ್ಲ.

ಈಗ ಊರು ತೋರಿಸಿದ ಕತೆ. ಎರಡನೇ ದಿನ ಮಧ್ಯಾಹ್ನದಿಂದ ಬಸ್ಸಿನಲ್ಲಿ ನಾನೂ ಹೋಗಿದ್ದೆ, ತಲೆ ಎಣಿಸೋಕೆ. ಅರಮನೆ, ಜಗನ್ಮೋಹನ ಅರಮನೆಯ ಚಿತ್ರಶಾಲೆ, ಚಾಮುಂಡಿ ಬೆಟ್ಟ, ಕೊನೆಗೆ ಸೀರೆ ಅಂಗಡಿ. ಚಿತ್ರಶಾಲೆಗೆ ಇಪ್ಪತ್ತೈದು ನಿಮಿಷ, ಸೀರೆ ಅಂಗಡಿಗೆ ಒಂದೂವರೆ ಗಂಟೆ. ಅದಿರಲಿ.

ಅರಮನೆ ತೋರಿಸಬೇಡಿ ಅನ್ನೋನು ನಾನಲ್ಲ. ಗೈಡು ಹೇಳಿದ್ದು 750 ಕೆ.ಜಿ. ತೂಕದ ಅಂಬಾರಿ, ಹೆಚ್ಚುಕಡಿಮೆ ಲಕ್ಷ ಬಲ್ಬು, 1897ರ ಬೆಂಕಿ, 1912ಕ್ಕೆ ಮುಗಿದ ಕಟ್ಟಡ. ಎಲ್ಲ ಸರಿ. ಆದರೆ ಅದೇ ಅರಮನೆಯ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ನೌಕರಿ ಒಂದೇ ಜಾತಿಯ ಕೈಯಲ್ಲಿ ಇರಬಾರದು ಅಂತ ಬಾಗಿಲು ತೆಗೆದರಲ್ಲ, ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಹಿಡಿಸಲಿಲ್ಲವಲ್ಲ, ಆ ಮಾತು ಒಂದು ಸಲವೂ ಬರಲಿಲ್ಲ. ದೇಶದಲ್ಲಿ ಮೀಸಲಾತಿಯ ಚರಿತ್ರೆ ಹೇಳುವಾಗ ಕೊಲ್ಲಾಪುರದ ಶಾಹು ಮಹಾರಾಜರ ಜೊತೆ ಮೈಸೂರಿನ ಹೆಸರು ಬರುತ್ತೆ. ಇಡೀ ದೇಶದಿಂದ ಬಂದ ಅತಿಥಿಗಳು ಅದನ್ನ ಕೇಳದೆ ಬಲ್ಬು ಎಣಿಸಿಕೊಂಡು ಹೋದರು.

ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದ ಮಹಿಷನ ಪ್ರತಿಮೆ. 'ದಿಸ್ ಈಸ್ ದಿ ಡೀಮನ್' ಅಂದ ಗೈಡು. ಎಲ್ಲರೂ ಸೆಲ್ಫಿ. ನಾಗಪುರದಿಂದ ಬಂದಿದ್ದ ಒಬ್ಬ ಮಹಿಳೆ ನನ್ನ ಕಿಸೆಯಲ್ಲಿದ್ದ ನೀಲಿ ಪೆನ್ನಿನ ಮೇಲಿನ ಬಾಬಾಸಾಹೇಬರ ಚಿತ್ರ ನೋಡಿ, ಪಕ್ಕಕ್ಕೆ ಬಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, 'ರಾಕ್ಷಸನ ಹೆಸರನ್ನ ಊರಿಗೆ ಯಾಕೆ ಇಟ್ಕೊಂಡಿದ್ದೀರಿ?' ನನ್ನ ಅರೆಬರೆ ಹಿಂದಿಯಲ್ಲಿ ಹೇಳಿದೆ. ಮಹಿಷ ನಮ್ಮವನು, ಇಲ್ಲಿ ಆಳಿದವನು ಅಂತ ನಾವು ನಂಬ್ತೀವಿ. ಅಶೋಕನ ಕಾಲದಲ್ಲಿ ಮಹಾದೇವ ಥೇರನನ್ನ ಮಹಿಷಮಂಡಲಕ್ಕೆ ಧರ್ಮ ಹೇಳೋಕೆ ಕಳಿಸಿದರು ಅಂತ ಮಹಾವಂಸದಲ್ಲಿದೆ. ಅದು ಈ ಸೀಮೆಯೇ ಅನ್ನೋ ವಿದ್ವಾಂಸರಿದ್ದಾರೆ, ಅಲ್ಲ ಅನ್ನೋರೂ ಇದ್ದಾರೆ. ಕೆಲವು ವರ್ಷದಿಂದ ಮಹಿಷ ದಸರಾ ಮಾಡ್ತೀವಿ. 2019ರಲ್ಲಿ ಬೆಟ್ಟದಲ್ಲಿ ಬಿಡಲಿಲ್ಲ, 2023ರಲ್ಲಿ ನಿಷೇಧಾಜ್ಞೆ ಹಾಕಿದರು, ಕೆಳಗೆ ಪುರಭವನದಲ್ಲಿ ಮಾಡಿದೆವು. ಆ ತಾಯಿ ಪ್ರತಿಮೆ ಕಡೆ ಇನ್ನೊಂದು ಸಲ ನೋಡಿದರು. ಆಮೇಲೆ 'ನೀವು ಗೈಡ್ ಆಗಬೇಕಿತ್ತು' ಅಂದರು. ಗೈಡಿನ ಪುಸ್ತಕದಲ್ಲಿರೋದನ್ನೇ ಹೇಳಿ, ಬೇಡ ಅನ್ನಲ್ಲ. ಜೊತೆಗೆ ಇನ್ನೊಂದು ಮಾತೂ ಈ ಊರಲ್ಲಿದೆ ಅಂತ ಹೇಳೋಕೆ ಎಷ್ಟು ಹೊತ್ತು ಬೇಕು?

ನನ್ನ ಸಮಿತಿಯ ಸಾಹೇಬರು ಹೇಳೋದು ಒಂದೇ: 'ಗೆಸ್ಟುಗಳಿಗೆ ಇದೇ ಇಷ್ಟ ಕಣ್ರೀ.' ಅವರಿಗೆ ಬೇರೆ ತೋರಿಸಿದ್ದೀರಾ, ಇಷ್ಟ ಇಲ್ಲ ಅನ್ನೋಕೆ? 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಇದೇ ಊರಲ್ಲಿದೆ. ಸಭಾಂಗಣದಿಂದ ಬಸ್ಸಿಗೆ ಹತ್ತು ನಿಮಿಷ. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನ ರಂಗಕ್ಕೆ ತಂದದ್ದು ಅವರೇ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಪುಸ್ತಕ ಅದು, ನಮ್ಮ ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದದ್ದು. ಕನ್ನಡ ಬಾರದ ಅತಿಥಿಗೆ ನಾಟಕ ತಿಳಿಯುತ್ತಾ ಅಂತ ಕೇಳಿದರು. ವೀಣೆಯ ರಾಗ ಎಷ್ಟು ಜನಕ್ಕೆ ತಿಳೀತು ಸಾರ್? ಅರ್ಧ ಜನ ವಾಟ್ಸಾಪ್ ನೋಡ್ತಿದ್ದರು, ನಾನೇ ನೋಡಿದೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಅಂದದ್ದು ಇದೇ ಊರಲ್ಲಿ. ಅದರಿಂದ ನಮ್ಮ ಹುಡುಗರು ಏಟು ತಿಂದರು, ಅದರಿಂದಲೇ ಎದ್ದು ನಿಂತರು. ಮೈಸೂರಿನ ಚರಿತ್ರೆ ಅಂದರೆ ಅದೂ ಹೌದು.

ಮತ್ತೆ ನೀಲಗಾರರು. ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನ ರಾತ್ರಿಯಿಡೀ ಹಾಡಬಲ್ಲವರು ಮೈಸೂರು, ಮಂಡ್ಯ, ಚಾಮರಾಜನಗರದಲ್ಲಿ ಇವತ್ತೂ ಇದ್ದಾರೆ. ಆ ಕತೆಯಲ್ಲಿ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರ್ತಾನೆ, ಬಾಗಿಲವರು ಒಳಗೆ ಬಿಡಲ್ಲ. ಸಮಾನತೆ ಸಾರಿದ ಊರಿನ ಬಾಗಿಲಲ್ಲೇ ತಡೀತಾರೆ. ಇದನ್ನ ಅರ್ಧ ಗಂಟೆ ಹಾಡಿಸಿ, ಪಕ್ಕದಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಕತೆ ಹೇಳಿದರೆ ಯಾವ ದೇಶದವನಿಗೆ ತಿಳಿಯಲ್ಲ?

ನಮ್ಮವರಿಗೂ ಒಂದು ಮಾತು. ಇದನ್ನ ಒಬ್ಬ ಗೆಳೆಯನಿಗೆ ಹೇಳಿದಾಗ, 'ಹಾಗಾದ್ರೆ ಬಸ್ಸು ನಮ್ಮ ಕೇರಿಗೆ ಕರ್ಕೊಂಡು ಬಾ, ನೋಡಲಿ' ಅಂದ. ಬೇಡಪ್ಪ. ನಮ್ಮ ಮನೆಗಳನ್ನ ಮೃಗಾಲಯದ ತರ ನೋಡಿಸೋದು ಬೇಡ. ಇನ್ನೊಬ್ಬರು ಹಿರಿಯರು, 'ತಮಟೆಯನ್ನೇ ಸುಟ್ಟುಬಿಡಬೇಕು, ಅದು ಗುಲಾಮಗಿರಿಯ ಗುರುತು' ಅಂತಾರೆ. ಅವರ ನೋವು ನನಗೆ ಗೊತ್ತು, ನಮ್ಮಪ್ಪನೂ ಒಂದು ಕಾಲಕ್ಕೆ ಹಾಗೇ ಅಂದದ್ದು. ಆದರೆ ಮಾವನಿಗೆ ಅದು ಅನ್ನ, ಮತ್ತೆ ಅವರಿಗೆ ಅದರ ಮೇಲೆ ಪ್ರೀತಿ ಇದೆ. ಬಿಟ್ಟಿ ಚಾಕರಿಯಾಗಿ ಬಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಒಪ್ಪಿ, ದರ ಹೇಳಿ, ವೇದಿಕೆ ಹತ್ತಿ ಬಾರಿಸೋದು ಕಸುಬು. ಇವೆರಡರ ನಡುವೆ ಇನ್ನೊಂದು ಹೊಸದು ಶುರುವಾಗಿದೆ. ದುಡ್ಡು ಕೊಡ್ತಾರೆ, ಆದರೆ ಬಾಗಿಲಾಚೆಯೇ ನಿಲ್ಲಿಸ್ತಾರೆ. ಅದರ ವಿರುದ್ಧ ನಾವಿನ್ನೂ ಬಾಯಿ ಬಿಟ್ಟಿಲ್ಲ. 'ಕಲೆಯಲ್ಲಿ ಜಾತಿ ತರಬೇಡಿ' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಪಟ್ಟಿಯಲ್ಲಿ ಎರಡು ಶೀರ್ಷಿಕೆ ಮಾಡಿದ್ದು ನಾನಲ್ಲ, ಟೈಪ್ ಮಾಡಿದ್ದಷ್ಟೇ.

ಮುಂದಿನ ಸಮ್ಮೇಳನ ಜನವರಿಯಲ್ಲಿ. ಈ ಸಲ ಅಂದಾಜು ಪಟ್ಟಿಯ ಕರಡಿನಲ್ಲಿ ತಮಟೆ ತಂಡವನ್ನ 'ಸಾಂಸ್ಕೃತಿಕ ಕಾರ್ಯಕ್ರಮ'ದ ಕೆಳಗೆ ಹಾಕಿದ್ದೀನಿ. ವೇದಿಕೆಯಲ್ಲಿ ಮೂವತ್ತು ನಿಮಿಷ, ಎಂಟು ಜನರ ಹೆಸರು ಆಹ್ವಾನ ಪತ್ರಿಕೆಯಲ್ಲಿ, ತಲೆಗೆ ಐದು ಸಾವಿರ, ಪ್ರಯಾಣ ಬೇರೆ, ಊಟ ಅತಿಥಿಗಳ ಸಾಲಿನಲ್ಲಿ, ತಮಟೆ ಕಾಸೋಕೆ ಕಾಂಪೌಂಡ್ ಒಳಗೆ ಒಂದು ಜಾಗ. ನೀಲಗಾರರಿಗೆ ಇನ್ನೊಂದು ಸಾಲು ಸೇರಿಸಿದ್ದೀನಿ. ಫೈಲು ಸಾಹೇಬರ ಟೇಬಲ್ ಮೇಲೆ ಒಂಬತ್ತು ದಿನದಿಂದ ಇದೆ. ನಿನ್ನೆ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಚರ್ಚಿಸಿ' ಅಂತ ಬರೆದು ವಾಪಸ್ ಕಳಿಸಿದ್ದಾರೆ. ಸೋಮವಾರ ಚರ್ಚೆಗೆ ಹೋಗ್ತೀನಿ.

ಬೇರೆ ಊರಲ್ಲಿ ಯಾರಾದರೂ ತಮಟೆ ತಂಡಕ್ಕೆ ವೇದಿಕೆ ದರ ಕೊಟ್ಟ ಬಿಲ್ಲು, ಆದೇಶದ ಪ್ರತಿ ಇದ್ದರೆ ಇನ್‌ಬಾಕ್ಸಿಗೆ ಹಾಕಿ. ನಮ್ಮ ಆಫೀಸಿನಲ್ಲಿ 'ಪೂರ್ವನಿದರ್ಶನ ಇದೆಯಾ' ಅಂತ ಮೊದಲು ಕೇಳ್ತಾರೆ.

ಜೈ ಭೀಮ್.