ಗ್ರಹಣದ ಮೇಲಣ ದೂರು

ಉಡಿಗಾಲದಿಂದ ಒಬ್ಬ ಸೋದರಿಯು ಬರೆದಿರುವ ಕಾಗದಕ್ಕೆ ಈ ತಿಂಗಳ ಪುಟವನ್ನು ಮೀಸಲಿಡುತ್ತೇನೆ. ಆಕೆಯ ಮಗಳಿಗೆ ಮೂರು ವರ್ಷ. ನಾಲ್ಕು ಹೆಜ್ಜೆ ಓಡಿದರೆ ತುಟಿಯೂ ಉಗುರೂ ನೇರಳೆಯ ಬಣ್ಣಕ್ಕೆ ತಿರುಗುವುವು. ಮಗುವು ಆಟವನ್ನು ಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತುಬಿಡುವುದು. ಇದು 'ಫ್ಯಾಲೋ' ಎಂಬ ಹುಟ್ಟುದೋಷ, ಶಸ್ತ್ರಚಿಕಿತ್ಸೆಯಾಗಬೇಕು ಎಂದು ಮೈಸೂರಿನ ವೈದ್ಯರು ಹೇಳಿದ್ದಾರೆ. ಮನೆಯ ಹಿರಿಯರಾದರೋ, ಸೊಸೆಯು ಏಳನೆಯ ತಿಂಗಳಿನಲ್ಲಿ ಗ್ರಹಣವನ್ನು ನೋಡಿದುದೇ ಇದಕ್ಕೆ ಕಾರಣವೆಂದೂ, ಮಾದಪ್ಪನ ಹರಕೆ ತೀರುವವರೆಗೆ ಕತ್ತಿಯ ಮಾತೆತ್ತಕೂಡದೆಂದೂ ಹೇಳುತ್ತಾರಂತೆ. ತನ್ನಿಂದಲೇ ಹೀಗಾಯಿತೇ ಎಂಬುದು ಆ ತಾಯಿಯ ಪ್ರಶ್ನೆ.

ಇಲ್ಲ, ತಂಗೀ. ಶಾಸ್ತ್ರದ ಮಾತನ್ನೇ ಬಯಸುವ ಹಿರಿಯರಿಗೆ ಶಾಸ್ತ್ರದಿಂದಲೇ ಹೇಳುತ್ತೇನೆ. ನಾಲ್ಕನೆಯ ತಿಂಗಳಿನಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದೆಂದೂ, ಆಗ ಗರ್ಭಿಣಿಯು ಎರಡು ಹೃದಯಗಳುಳ್ಳವಳಾಗಿ 'ದೌಹೃದಿನಿ' ಎನಿಸುವಳೆಂದೂ ಸುಶ್ರುತನ ಮತ. ಇಂದಿನ ವೈದ್ಯಶಾಸ್ತ್ರವು ಇನ್ನೂ ಮುಂಚೆಯೇ, ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿ ಹೃದಯದ ಕೋಣೆಗಳು ರೂಪುಗೊಳ್ಳುವುದನ್ನು ಕಂಡಿದೆ. ಯಾವ ಲೆಕ್ಕವನ್ನು ಹಿಡಿದರೂ ಏಳನೆಯ ತಿಂಗಳ ಗ್ರಹಣವು ತಡವಾಗಿ ಬಂದ ಅತಿಥಿ. ಕಟ್ಟಿ ಮುಗಿದ ಮನೆಯ ಅಡಿಪಾಯವನ್ನು ಅದು ಕೆಡಿಸಿತೆನ್ನುವುದು ಹೇಗೆ?

ಕಾಗದದ ಕೊನೆಯಲ್ಲಿ ಆಕೆಯು ಇನ್ನೊಂದು ಸಂಗತಿಯನ್ನು ಸಂಕೋಚದಿಂದ ತಿಳಿಸಿದ್ದಾಳೆ: ಗಂಡನು ಸ್ವಂತ ಸೋದರಮಾವ. ಮೈಸೂರು ವಿಶ್ವವಿದ್ಯಾನಿಲಯದ ರಾಮೇಗೌಡ, ರಾಮಚಂದ್ರ ಎಂಬ ಸಂಶೋಧಕರು ರಕ್ತಸಂಬಂಧದ ವಿವಾಹದಿಂದ ಹುಟ್ಟುವ ಮಕ್ಕಳಲ್ಲಿ ಹೃದಯದೋಷವು ಹೆಚ್ಚೆಂಬುದನ್ನು ನಮ್ಮ ಸೀಮೆಯ ಕುಟುಂಬಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಆ ಸಂಬಂಧವನ್ನು ಗೊತ್ತುಮಾಡಿದವರು ಸೊಸೆಯಲ್ಲ, ಹಿರಿಯರು. ಹಾಗೆಂದು ದೂರನ್ನು ಅವರ ತಲೆಗೆ ಕಟ್ಟುವುದೂ ನನಗೆ ಇಷ್ಟವಿಲ್ಲ. ಇಂತಹ ಮದುವೆಗಳಲ್ಲಿ ಗಟ್ಟಿಮುಟ್ಟಾದ ಮಕ್ಕಳೂ ಹುಟ್ಟುತ್ತವೆ, ಹೊರಗಿನ ಸಂಬಂಧದಲ್ಲಿಯೂ ಈ ದೋಷವು ಕಾಣುತ್ತದೆ. ಸಾವಿರ ಶಿಶುಗಳಲ್ಲಿ ಸುಮಾರು ಎಂಟಕ್ಕೆ ಒಂದಲ್ಲ ಒಂದು ಹೃದಯದೋಷವಿರುವುದುಂಟು.

ಫ್ಯಾಲೋ ಎಂಬ ಫ್ರೆಂಚ್ ವೈದ್ಯನು 1888ರಲ್ಲಿ ಈ ರೋಗವನ್ನು ವಿವರಿಸಿದನು. ಹೃದಯದ ಕೆಳಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಆದುದರಿಂದ ಶುದ್ಧವಾಗದ ರಕ್ತವೇ ಮೈಗೆ ಹರಿಯುವುದು. 1944ರವರೆಗೆ ಇಂತಹ ಮಕ್ಕಳನ್ನು ನೋಡುತ್ತ ಕೂರುವುದಲ್ಲದೆ ವೈದ್ಯರಿಗೆ ಬೇರೆ ದಾರಿಯಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಟೌಸಿಗ್ ಎಂಬ ವೈದ್ಯೆಯ ಆಲೋಚನೆಯಂತೆ ಬ್ಲೇಲಾಕನು ಮೊದಲ ಶಸ್ತ್ರಕ್ರಿಯೆಯನ್ನು ಮಾಡಿದನು. ಪ್ರಯೋಗಶಾಲೆಯಲ್ಲಿ ಆ ಕ್ರಮವನ್ನು ಸಾಧಿಸಿಕೊಟ್ಟ ವಿವಿಯನ್ ಥಾಮಸನು ಬಡಗಿಯ ಮಗ, ಕಾಲೇಜಿನ ಪದವಿಯಿಲ್ಲದವನು. ಇಂದು ದೋಷವನ್ನೇ ಸರಿಪಡಿಸುವ ಚಿಕಿತ್ಸೆಯು ನಮ್ಮ ನಾಡಿನಲ್ಲಿಯೇ ನಡೆಯುತ್ತಿರುವಾಗ ಹರಕೆಯ ನೆಪದಿಂದ ದಿನಗಳನ್ನು ದೂಡುವುದು ನನಗೆ ಸರಿಕಾಣದು.

ಹಣದ ಚಿಂತೆಯೂ ಇದೆಯೆಂದು ಬರೆದಿದ್ದಾಳೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಅವರ ಮೂಲಕ ಉಚಿತ ಚಿಕಿತ್ಸೆಗೆ ಅವಕಾಶವುಂಟು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬೇಕು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಸತ್ಯಸಾಯಿ ಆಸ್ಪತ್ರೆಯು 2001ರಿಂದಲೂ ಹಣ ತೆಗೆದುಕೊಳ್ಳದೆ ಸೇವೆ ಮಾಡುತ್ತ ಬಂದಿದೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದುದು ಕೆಲವುಂಟು. ಕುಕ್ಕರಗಾಲಿನಲ್ಲಿ ಕುಳಿತ ಮಗುವನ್ನು ಗದರಿಸಿ ಎಬ್ಬಿಸಕೂಡದು; ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುವಂತೆ ಅದು ತಾನಾಗಿ ಕಂಡುಕೊಂಡ ಉಪಾಯವದು. ಒಮ್ಮೆಲೇ ಮೈ ನೀಲಿಯಾಗಿ ಏದುಸಿರು ಬಂದರೆ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಸಮಾಧಾನಪಡಿಸುತ್ತ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಬಾಯಾರಿಕೆಗೆ, ಭೇದಿಗೆ ಅವಕಾಶ ಕೊಡಬಾರದು. ಹಲ್ಲುಗಳನ್ನು ದಿನವೂ ಉಜ್ಜಿಸಬೇಕು. ಹುಳುಕು ಹಲ್ಲಿನ ಸೋಂಕು ರಕ್ತದೊಡನೆ ಹೋಗಿ ಇಂತಹ ಹೃದಯದಲ್ಲಿ ನೆಲೆಸಬಹುದು.

ಇನ್ನೊಂದು ಮಗುವನ್ನು ಬಯಸುವುದಾದರೆ ಮೊದಲೇ ವೈದ್ಯರೊಡನೆ ಮಾತಾಡಬೇಕು. ಐದನೆಯ ತಿಂಗಳಿನ ಸುಮಾರಿಗೆ ಗರ್ಭದಲ್ಲಿಯೇ ಹೃದಯವನ್ನು ಸ್ಕ್ಯಾನಿನಿಂದ ನೋಡಬಹುದು. ಮಾದಪ್ಪನ ಹರಕೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಮಗಳು ಗುಣವಾದ ಮೇಲೆ ಅವಳನ್ನೇ ಕೈಹಿಡಿದು ಬೆಟ್ಟಕ್ಕೆ ಕರೆದೊಯ್ಯಲಿ.